ನಳದ ನೀರಿಗೆ ಎಷ್ಟು ಗಣಿತ ಬೇಕು?

ಒಂದು ವ್ಯವಸ್ಥೆಯನ್ನು ಹಿಡಿತದಲ್ಲಿಡಬೇಕಾದರೆ ಅದನ್ನು ಎಷ್ಟರಮಟ್ಟಿಗೆ ಅರಿತಿರಬೇಕು? ಕಂಟ್ರೋಲ್ ಎಂಜಿನಿಯರಿಂಗ್ ಶಾಸ್ತ್ರದ ಒಳಜಗಳವೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ. ವಿಮಾನ, ಬಾಯ್ಲರ್, ಕಾಲುವೆ, ಊರಿನ ನೀರಿನ ಜಾಲ ಇವೆಲ್ಲ ಕಾಲದೊಡನೆ ಸ್ಥಿತಿ ಬದಲಿಸುತ್ತ ಹೋಗುವಂಥವು. ಇವುಗಳಿಗೆ ಡೈನಾಮಿಕಲ್ ಸಿಸ್ಟಮ್ ಎಂದು ಹೆಸರು. ಇವುಗಳ ನಡೆಯನ್ನು ಸಮೀಕರಣಗಳಲ್ಲಿ ಬರೆಯುವುದು ಮಾದರಿ ಕಟ್ಟುವ ಕೆಲಸ, ಆ ನಡೆಯನ್ನು ಬೇಕಾದ ಕಡೆಗೆ ತಿರುಗಿಸುವುದು ನಿಯಂತ್ರಣ. ಎರಡರಲ್ಲಿ ಯಾವುದಕ್ಕೆ ಬದುಕು ಸವೆಸಬೇಕೆಂದು ಈ ವಿಷಯ ಕಲಿಸುವ ಪ್ರಾಧ್ಯಾಪಕರು ಒಂದಲ್ಲ ಒಂದು ಹಂತದಲ್ಲಿ ತೀರ್ಮಾನಿಸಲೇಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. 1947ರಲ್ಲಿ ಶುರುವಾಗಿ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಬಿವಿಬಿ ಕಾಲೇಜು ಇಲ್ಲಿದೆ. 2016ರಲ್ಲಿ ಐಐಟಿ ಧಾರವಾಡ ತನ್ನ ಮೊದಲ ತರಗತಿಗಳನ್ನು ನಡೆಸಿದ್ದು ವಾಲ್ಮಿ ಆವರಣದಲ್ಲಿ, ಅಂದರೆ ಜಲ ಮತ್ತು ನೆಲ ನಿರ್ವಹಣೆಗೆಂದೇ ಇದ್ದ ಸಂಸ್ಥೆಯಲ್ಲಿ. ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಕೈಗಾರಿಕಾ ವಾಲ್ವುಗಳು ತಯಾರಾಗುತ್ತವೆ. ಇಷ್ಟೆಲ್ಲ ಇರುವ ಊರಿನಲ್ಲಿಯೇ, ಕಮರಿಪೇಟೆಯಂಥ ಇಕ್ಕಟ್ಟಿನ ಪೇಟೆಗಳ ನಳಕ್ಕೆ ನೀರು ಎಂದು ಬರುತ್ತದೆ, ಎಷ್ಟು ಒತ್ತಡದಲ್ಲಿ ಬರುತ್ತದೆ ಎಂಬುದು ದಶಕಗಳಿಂದ ಕಾಡಿದ ಪ್ರಶ್ನೆ. ಗಣಿತದ ಯಾವ ಪಂಥ ಏನನ್ನು ವಿವರಿಸುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ನನ್ನ ವಾದ ಇಷ್ಟು: ಮಾದರಿ ಬೇಕೋ ಬೇಡವೋ ಎಂಬ ಜಗಳದಲ್ಲಿ ಎರಡೂ ಪಕ್ಷದವರು ಅಳತೆ ಇದ್ದೇ ಇದೆ, ಹೇಳಿದ ಹಾಗೆ ಕೇಳುವ ಕೈಯೂ ಇದ್ದೇ ಇದೆ ಎಂದು ನಂಬಿಬಿಟ್ಟಿದ್ದಾರೆ. ನಮ್ಮ ಊರುಗಳಲ್ಲಿ ಕೊರತೆ ಇರುವುದು ಅಲ್ಲೇ. ಆ ಕೊರತೆಯನ್ನೂ ಮಾದರಿಯ ಒಳಗೆ ತರುವುದು ಈ ಶಾಸ್ತ್ರದ ಮುಂದಿರುವ ದೊಡ್ಡ ಕೆಲಸ.

ಸಮೀಕರಣಕ್ಕಿಂತ ಮೊದಲು

ನಿಯಂತ್ರಣದ ಇತಿಹಾಸ ಬರೆಯುವವರು ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರದ ವೇಗ ಕಾಯಲು ಜೋಡಿಸಿದ ಗವರ್ನರಿನಿಂದ ಶುರು ಮಾಡುತ್ತಾರೆ. ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳಿಂದಲೂ ಶುರು ಮಾಡಬಹುದು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಆ ಗೇಟುಗಳು ನೀರು ಗೊತ್ತಾದ ಮಟ್ಟ ಮೀರಿದೊಡನೆ ನೀರಿನದೇ ಬಲದಿಂದ ತೆರೆದುಕೊಳ್ಳುತ್ತಿದ್ದವು, ಪ್ರವಾಹ ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಅದರಿಂದ ಸಾಧ್ಯವಾಯಿತು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟಿನ ಸೈಫನ್ನೂ ಇದೇ ಜಾತಿಯದು. ಅಲ್ಲಿ ಎತ್ತಿಳಿಸುವ ಬಾಗಿಲೂ ಬೇಕಿಲ್ಲ, ಮಟ್ಟ ಏರಿದಾಗ ಹೆಚ್ಚಿನ ನೀರು ತಾನಾಗಿಯೇ ಹೊರಕ್ಕೆ ಸೆಳೆದುಕೊಂಡು ಹೋಗುತ್ತದೆ. ಇಲ್ಲೆಲ್ಲ ಜಲಾಶಯದ ನಡೆಯನ್ನು ಮುನ್ಸೂಚಿಸುವ ಮಾದರಿ ಯಾವುದೂ ಕೆಲಸ ಮಾಡುತ್ತಿಲ್ಲ. ಮಳೆ ಎಷ್ಟು ಬಿದ್ದೀತು, ಹೊಳೆ ಎಷ್ಟು ಏರೀತು ಎಂಬ ಲೆಕ್ಕ ಗೇಟಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಆದರೂ ಇವು ಗೆದ್ದದ್ದೇಕೆ ಎಂದು ಕೇಳಿಕೊಂಡರೆ ಮುಂದಿನ ಚರ್ಚೆಗೆ ಬೇಕಾದ ಸುಳಿವು ಸಿಗುತ್ತದೆ. ನೀರಿನ ಮಟ್ಟವನ್ನು ಅಳೆಯುವ ಜಾಗವೂ ಅದನ್ನು ತಿದ್ದುವ ಜಾಗವೂ ಒಂದೇ. ಅಳತೆಗೂ ಕ್ರಿಯೆಗೂ ನಡುವೆ ತಡವಿಲ್ಲ, ಮಧ್ಯವರ್ತಿಯಿಲ್ಲ. ತಡ ಸೇರಿಕೊಂಡಾಗ ಏನಾಗುತ್ತದೆ ಎಂಬುದು ವಾಟ್‌ನ ಗವರ್ನರಿನಲ್ಲಿಯೇ ಕಾಣಿಸಿತು. ಯಂತ್ರದ ವೇಗ ಒಂದೆಡೆ ನಿಲ್ಲದೆ ಏರುತ್ತ ಇಳಿಯುತ್ತ ತೂಗಾಡತೊಡಗಿದಾಗ ಅದಕ್ಕೆ ಗಣಿತದ ಕಾರಣ ಹುಡುಕಿ 1868ರಲ್ಲಿ ಪ್ರಬಂಧ ಬರೆದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಸ್ಥಿರತೆಯ ಸಿದ್ಧಾಂತ ಬೆಳೆದದ್ದು ಅಲ್ಲಿಂದ. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಕಾರ್ಖಾನೆಯ ನಿಯಂತ್ರಕಗಳನ್ನು ಹೊಂದಿಸಲು ಸರಳ ಸೂತ್ರ ಕೊಟ್ಟರು. ಯಂತ್ರವನ್ನು ತುಸು ಕೆಣಕಿ ನೋಡಿ, ಅದು ತೋರಿಸಿದ ಪ್ರತಿಕ್ರಿಯೆಯಿಂದ ಮೂರು ಸಂಖ್ಯೆಗಳನ್ನು ಆರಿಸಿಕೊಂಡರೆ ಸಾಕು. ಆ ಮೂರು ಸಂಖ್ಯೆಗಳಿಂದ ನಡೆಯುವ ಪಿಐಡಿ ನಿಯಂತ್ರಕ ಇಂದಿಗೂ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಒಂದು ಚರ, ಒಂದು ವಾಲ್ವು ಇರುವ ಕಡೆ ಈ ಪಂಥವನ್ನು ಮೀರಿಸುವುದು ಕಷ್ಟ.

ಮಾದರಿಯ ಪಂಥ

ಹಲವು ಚರಗಳು ಒಂದಕ್ಕೊಂದು ಹೆಣೆದುಕೊಂಡಾಗ ಹಳೆಯ ಸೂತ್ರ ಸಾಲದಾಯಿತು. 1960ರ ಸುಮಾರಿಗೆ ಹಂಗೆರಿ ಮೂಲದ ರುಡಾಲ್ಫ್ ಕಾಲ್ಮನ್ ಎರಡು ಪ್ರಶ್ನೆಗಳನ್ನು ಎತ್ತಿದರು. ಕೈಯಲ್ಲಿರುವ ವಾಲ್ವುಗಳಿಂದ ವ್ಯವಸ್ಥೆಯನ್ನು ಬೇಕಾದ ಸ್ಥಿತಿಗೆ ತರಲು ಆಗುತ್ತದೆಯೇ? ಕೈಯಲ್ಲಿರುವ ಮಾಪಕಗಳಿಂದ ಒಳಗಿನ ಸ್ಥಿತಿಯನ್ನು ಪತ್ತೆ ಹಚ್ಚಲು ಆಗುತ್ತದೆಯೇ? ನಿಯಂತ್ರಣ ಸಾಧ್ಯತೆ, ವೀಕ್ಷಣ ಸಾಧ್ಯತೆ ಎಂದು ಇವನ್ನು ಕರೆಯಬಹುದು. ಇವೆರಡಕ್ಕೂ ಹೌದು ಎಂಬ ಉತ್ತರವಿದ್ದರೆ ಒಳ್ಳೆಯ ನಿಯಂತ್ರಕ ಕಟ್ಟುವುದು ಲೆಕ್ಕದ ಕೆಲಸ. ಚಂದ್ರನಲ್ಲಿಗೆ ಹೋದ ಅಮೆರಿಕದ ಅಪೋಲೋ ನೌಕೆಗಳ ದಾರಿ ಗುರುತಿಸಲು ಬಳಸಿದ್ದು ಕಾಲ್ಮನ್‌ರ ವಿಧಾನವನ್ನೇ.

ಈ ಪಂಥದ ಪರವಾಗಿ ಕರ್ನಾಟಕದಲ್ಲಿ ಸಿಗುವ ಅತಿ ಗಟ್ಟಿ ಸಾಕ್ಷ್ಯ ತೇಜಸ್ ವಿಮಾನ. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸಗೊಳಿಸಲಾಗಿದೆ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ರೆಕ್ಕೆಯ ಅಂಚುಗಳನ್ನು ತಿದ್ದುತ್ತಿರದಿದ್ದರೆ ಪೈಲಟ್‌ಗೆ ಅದನ್ನು ನಿಭಾಯಿಸಲಾಗದು. ಆ ತಿದ್ದುಪಡಿಯ ನಿಯಮಗಳನ್ನು ಬರೆಯಲು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) 1992ರಲ್ಲಿ ತಂಡ ಕಟ್ಟಲಾಯಿತು. 1998ರ ಅಣ್ವಸ್ತ್ರ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧಗಳು ಬಂದು ಅಲ್ಲಿನ ಸಹಕಾರ ಕಡಿದುಹೋದಾಗ ಕೆಲಸವನ್ನು ಇಲ್ಲಿಯೇ ಮುಗಿಸಬೇಕಾಯಿತು. 2001ರ ಜನವರಿ 4ರಂದು ವಿಮಾನ ಮೊದಲ ಬಾರಿಗೆ ಹಾರಿತು. ಹಾರಿಸಿ ನೋಡಿ ಕಲಿಯೋಣ ಎನ್ನುವ ಅವಕಾಶವೇ ಅಲ್ಲಿರಲಿಲ್ಲ. ವಿಂಡ್ ಟನೆಲ್ಲಿನ ಅಳತೆಗಳಿಂದ ಕಟ್ಟಿದ ಮಾದರಿ ಮೊದಲ ಹಾರಾಟಕ್ಕೇ ಸರಿಯಿರಬೇಕಿತ್ತು. ಮಾದರಿ ಪಂಡಿತರ ಆಟಿಕೆ ಎನ್ನುವವರು ಈ ಸಂಗತಿಗೆ ಉತ್ತರ ಹೇಳಬೇಕಾಗುತ್ತದೆ.

ಮಾದರಿ ತಪ್ಪಿದ್ದರೆ?

ಮಾದರಿಯನ್ನು ನಂಬಿದವರಿಗೆ ಪೆಟ್ಟು ಬಿದ್ದದ್ದೂ ಆಕಾಶದಲ್ಲಿಯೇ. 1967ರ ನವೆಂಬರಿನಲ್ಲಿ ಅಮೆರಿಕದ ಎಕ್ಸ್-15 ವಿಮಾನ ಪತನವಾಗಿ ಪೈಲಟ್ ತೀರಿಕೊಂಡಾಗ, ಹಾರುತ್ತಲೇ ತನ್ನನ್ನು ತಾನು ಹೊಂದಿಸಿಕೊಳ್ಳುವ ಅದರ ನಿಯಂತ್ರಕದ ವರ್ತನೆಯೂ ಕಾರಣಗಳಲ್ಲಿ ಒಂದೆಂದು ತಿಳಿದುಬಂತು. ಅತ್ಯುತ್ತಮ ಎಂದು ಲೆಕ್ಕದಲ್ಲಿ ಸಿದ್ಧವಾದ ನಿಯಂತ್ರಕ ಕೂಡ ಮಾದರಿಯ ಸಣ್ಣ ತಪ್ಪಿಗೆ ಕುಸಿಯಬಹುದು ಎಂದು 1978ರಲ್ಲಿ ಜಾನ್ ಡಾಯ್ಲ್ ತೋರಿಸಿದರು. 1981ರಲ್ಲಿ ಜಾರ್ಜ್ ಝೇಮ್ಸ್ ಪ್ರಶ್ನೆಯನ್ನೇ ಬದಲಿಸಿದರು: ಮಾದರಿ ಇಷ್ಟರಮಟ್ಟಿಗೆ ತಪ್ಪಿದೆ ಎಂದುಕೊಂಡೇ ಹೊರಟರೆ, ಆ ತಪ್ಪಿನ ಮಿತಿಯೊಳಗೆ ಎಲ್ಲಿಯೂ ಕೈಕೊಡದ ನಿಯಂತ್ರಕ ಸಿಗುತ್ತದೆಯೇ? ರೋಬಸ್ಟ್ ಕಂಟ್ರೋಲ್ ಎಂಬ ಪಂಥ ಹುಟ್ಟಿದ್ದು ಹೀಗೆ.

ಈ ಪಂಥದ ಪ್ರಮುಖ ಗ್ರಂಥಗಳಲ್ಲಿ ಒಂದನ್ನು 1985ರಲ್ಲಿ ಬರೆದವರು ಎಂ. ವಿದ್ಯಾಸಾಗರ್. ಒಂದು ವ್ಯವಸ್ಥೆಯನ್ನು ಸ್ಥಿರವಾಗಿಡಬಲ್ಲ ಎಲ್ಲ ನಿಯಂತ್ರಕಗಳನ್ನೂ ಒಂದೇ ಸೂತ್ರದಲ್ಲಿ ಹಿಡಿಯುವ ವಿಧಾನವನ್ನು ಅದು ವಿಸ್ತರಿಸುತ್ತದೆ. ಕೆನಡಾದಲ್ಲಿ ಪಾಠ ಹೇಳುತ್ತಿದ್ದ ಅವರು 1989ರಲ್ಲಿ ಬೆಂಗಳೂರಿಗೆ ಬಂದು ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರವಾದ ಸಿಎಐಆರ್‌ನ ನಿರ್ದೇಶಕರಾದರು, 2000ದವರೆಗೆ ಅದನ್ನು ನಡೆಸಿದರು. 1997ರಲ್ಲಿ ಯಂತ್ರಕಲಿಕೆಯ ಸಿದ್ಧಾಂತದ ಮೇಲೆ ಪುಸ್ತಕ ಬರೆದರು, ಮುಂದೆ ಜೀವಶಾಸ್ತ್ರದ ದತ್ತಾಂಶಗಳ ಕಡೆಗೆ ಹೊರಳಿದರು. ಆ ಬದುಕಿನ ದಾರಿಯಲ್ಲಿ ಇಡೀ ಶಾಸ್ತ್ರದ ದಾರಿ ಕಾಣುತ್ತದೆ: ಖಚಿತ ಸಮೀಕರಣ, ಆಮೇಲೆ ತಪ್ಪಿನ ಲೆಕ್ಕ, ಆಮೇಲೆ ದತ್ತಾಂಶದಿಂದ ಎಷ್ಟು ಕಲಿಯಬಹುದು ಎಂಬ ವಿಚಾರ. ಪ್ರಾಧ್ಯಾಪಕರೊಬ್ಬರು ಒಂದೇ ಪಂಥಕ್ಕೆ ಅಂಟಿಕೊಂಡಿರಬೇಕಿಲ್ಲ ಎಂಬುದಕ್ಕೂ ಅದು ನಿದರ್ಶನ.

ಕಲಿಯುವ ನಿಯಂತ್ರಕ

ಮಾದರಿಯನ್ನೇ ಬಿಟ್ಟು ಅನುಭವದಿಂದ ಕಲಿಯೋಣ ಎಂಬ ಪಂಥವನ್ನು ಕೃತಕ ಬುದ್ಧಿಮತ್ತೆಯ ಈಚಿನ ಅಲೆಯೊಡನೆ ಬಂದದ್ದೆಂದು ತಿಳಿಯುವುದು ತಪ್ಪು. 1960ರ ದಶಕದ ಆರಂಭದಲ್ಲಿಯೇ ಸೋವಿಯತ್ ರಷ್ಯಾದ ಎಂ. ಎಲ್. ಟ್ಸೆಟ್ಲಿನ್ ಕಲಿಯುವ ಆಟೊಮೇಟಾಗಳ ಬಗ್ಗೆ ಬರೆದಿದ್ದರು. ಅದನ್ನು ವ್ಯವಸ್ಥಿತ ಶಾಸ್ತ್ರವಾಗಿ ಬೆಳೆಸಿದವರು ಯೇಲ್‌ನ ಕೆ. ಎಸ್. ನರೇಂದ್ರ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ಎಲ್. ತಾತಾಚಾರ್. 1974ರಲ್ಲಿ ಅವರಿಬ್ಬರ ಸಮೀಕ್ಷೆ ಬಂತು, 1989ರಲ್ಲಿ ಪುಸ್ತಕ. ತಿರುಳು ಸರಳ. ಯಂತ್ರದ ಮುಂದೆ ಕೆಲವು ಆಯ್ಕೆಗಳಿವೆ, ಪ್ರತಿಯೊಂದಕ್ಕೂ ಒಂದು ಸಂಭವನೀಯತೆ ಇದೆ. ಆರಿಸಿದ್ದು ಫಲ ಕೊಟ್ಟರೆ ಅದರ ಸಂಭವನೀಯತೆ ಏರುತ್ತದೆ, ಕೊಡದಿದ್ದರೆ ಇಳಿಯುತ್ತದೆ. ಪರಿಸರದ ಸಮೀಕರಣ ಗೊತ್ತಿಲ್ಲದೆಯೇ ಯಂತ್ರ ಕ್ರಮೇಣ ಒಳ್ಳೆಯ ಆಯ್ಕೆಗೆ ಬಂದು ನಿಲ್ಲುವುದು ಯಾವಾಗ ಖಚಿತ ಎಂಬುದಕ್ಕೆ ಇವರು ಸಾಧನೆ ಕೊಟ್ಟರು. ಇಂದು ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎಂದು ಮನೆಮಾತಾಗಿರುವುದರ ಬೇರುಗಳಲ್ಲಿ ಒಂದು ಬೆಂಗಳೂರಿನ ಆ ವಿಭಾಗದಲ್ಲಿದೆ ಎಂಬುದನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು.

ಇದರ ಮಿತಿಯೂ ಸ್ಪಷ್ಟ. ಕಲಿಯಬೇಕಾದರೆ ತಪ್ಪು ಮಾಡಬೇಕು. ಟೆಲಿಫೋನ್ ಕರೆಯೊಂದು ತಪ್ಪು ದಾರಿಯಲ್ಲಿ ಹೋದರೆ ಮತ್ತೊಮ್ಮೆ ಮಾಡಬಹುದು; ನೀರಿನ ಜಾಲದಲ್ಲಿ ಒಂದು ತಪ್ಪು ಪ್ರಯೋಗವೆಂದರೆ ಒಂದು ಓಣಿಯ ಮಕ್ಕಳ ಹೊಟ್ಟೆಗೆ ಹೋಗುವ ಕೊಳಕು ನೀರು.

ನಾರಾಯಣಪುರದ ಕಾಲುವೆ

ಮಾದರಿ ಮತ್ತು ದತ್ತಾಂಶ ಎರಡನ್ನೂ ಕೂಡಿಸುವ ನಡುದಾರಿಯೊಂದಿದೆ. ಅದರ ಫಲ ಉತ್ತರ ಕರ್ನಾಟಕಕ್ಕೂ ತಲುಪಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಐವನ್ ಮರೀಲ್ಸ್, ಎರಿಕ್ ವೇಯರ್ ಮೊದಲಾದವರು ಕಾಲುವೆಯ ನೀರಿನ ಅಲೆಗಳನ್ನು ಪೂರ್ಣ ದ್ರವಶಾಸ್ತ್ರದ ಸಮೀಕರಣಗಳಿಂದ ಬಿಡಿಸುವ ಬದಲು, ಗೇಟು ಎತ್ತಿಳಿಸಿದಾಗ ಮಟ್ಟ ಹೇಗೆ ಬದಲಾಗುತ್ತದೆ ಎಂಬ ಅಳತೆಗಳಿಂದಲೇ ಸಣ್ಣ ಮಾದರಿಗಳನ್ನು ಹೊರತೆಗೆದರು. ನಿಯಂತ್ರಣಕ್ಕೆ ಅಷ್ಟೇ ಸಾಕಾಯಿತು. ರುಬಿಕಾನ್ ಕಂಪನಿಯ ಜೊತೆಗೂಡಿ ಬೆಳೆದ ಆ ತಂತ್ರಜ್ಞಾನದ ಗೇಟುಗಳು ಕೃಷ್ಣಾ ಕೊಳ್ಳದ ನಾರಾಯಣಪುರ ಎಡದಂಡೆ ಕಾಲುವೆಗೆ ಬಂದವು. ಸುಮಾರು 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಈ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಕಾಲುವೆಯ ತುದಿಯ ರೈತನಿಗೆ ನೀರು ಮುಟ್ಟುವುದೇ ಇದರ ನಿಜವಾದ ಪರೀಕ್ಷೆ. ಇಲ್ಲಿ ಗಮನಿಸಬೇಕಾದ್ದು, ಪ್ರತಿ ಗೇಟಿನಲ್ಲಿಯೇ ಮಾಪಕ ಕೂತಿದೆ. ಖಡಕ್‌ವಾಸ್ಲಾದಲ್ಲಿದ್ದ ಗುಣ ಬೇರೆ ರೂಪದಲ್ಲಿ ಮರಳಿದೆ.

ಹುಬ್ಬಳ್ಳಿಯ ನೀರು

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿಯ ರೇಣುಕಾಸಾಗರದಿಂದ, ಅಮ್ಮಿನಭಾವಿಯ ಶುದ್ಧೀಕರಣ ಘಟಕದ ಮೂಲಕ. ಕಲಘಟಗಿ ಕಡೆಯ ನೀರಸಾಗರವೂ ಹುಬ್ಬಳ್ಳಿಗೆ ಆಸರೆ. ಅಲ್ಲಿಂದ ಮುಂದೆ ಬಹಳ ಕಾಲ ಊರಿನ ಹೆಚ್ಚಿನ ಭಾಗಕ್ಕೆ ನೀರು ಸಿಕ್ಕಿದ್ದು ಕೆಲವು ದಿನಗಳಿಗೊಮ್ಮೆ, ಕೆಲವು ತಾಸು. ವಾಲ್ವ್‌ಮನ್ ಓಣಿಯ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಚಾವಿ ಇಳಿಸಿ ತಿರುವುತ್ತಾನೆ. ಖಾಲಿ ಪೈಪಿನೊಳಗಿನ ಗಾಳಿ ಸೀಟಿ ಹೊಡೆಯುತ್ತ ಹೊರಬೀಳುತ್ತದೆ, ನಂತರ ಕೆಂಪಗಿನ ನೀರು, ಆಮೇಲೆ ತಿಳಿ ನೀರು. ತಗ್ಗಿನ ಮನೆಯ ನಳ ಮೊದಲು ತುಂಬುತ್ತದೆ, ದಿಬ್ಬದ ಮನೆಯವರು ಕಾಯಬೇಕು. ಕಾದು ಸೋತವರು ನಳಕ್ಕೇ ಮೋಟರ್ ಹಚ್ಚುತ್ತಾರೆ. ಅದು ಪಕ್ಕದವರ ಪಾಲಿನ ಒತ್ತಡವನ್ನು ಎಳೆದುಕೊಳ್ಳುತ್ತದೆ, ಸೋರುವ ಪೈಪಿನ ಸುತ್ತಲಿನ ಗಟಾರದ ನೀರನ್ನೂ ಎಳೆದುಕೊಳ್ಳಬಹುದು.

ಈ ಓಣಿಯನ್ನು ಸಮೀಕರಣದಲ್ಲಿ ಬರೆಯಲು ಹೊರಟರೆ ಮೊದಲ ಪುಟದಲ್ಲಿಯೇ ಅಡಚಣೆ. ಜಗತ್ತಿನಾದ್ಯಂತ ನೀರಿನ ಜಾಲಗಳಿಗೆ ಬಳಸುವ ಎಪಾನೆಟ್ ತಂತ್ರಾಂಶವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದಿತು. ಪ್ರತಿ ಮನೆಗೂ ಇಷ್ಟು ನೀರು ಬೇಕು, ಅಷ್ಟು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಅದರ ಲೆಕ್ಕ ನಿಂತಿತ್ತು. ಇಡೀ ದಿನ ನೀರಿರುವ ಊರಿಗೆ ಅದು ಸರಿ. ವಾರಕ್ಕೊಮ್ಮೆ ನೀರು ಕಾಣುವ ಓಣಿಯಲ್ಲಿ ನಳ ತೆರೆದೇ ಇರುತ್ತದೆ, ಟಾಕಿ, ಬ್ಯಾರೆಲ್, ಕೊಡ ಎಲ್ಲ ತುಂಬುವವರೆಗೆ ಸಿಕ್ಕಷ್ಟೂ ಬೇಕೇ. ಅಲ್ಲಿ ಹರಿವನ್ನು ನಿರ್ಧರಿಸುವುದು ಒತ್ತಡ, ಹೆಚ್ಚುಕಡಿಮೆ ಅದರ ವರ್ಗಮೂಲದ ಪ್ರಮಾಣದಲ್ಲಿ. ಒತ್ತಡವನ್ನು ಆಧರಿಸಿದ ಈ ಲೆಕ್ಕ ಎಪಾನೆಟ್‌ನ ಅಧಿಕೃತ ಆವೃತ್ತಿಗೆ ಸೇರಿದ್ದು 2020ರಲ್ಲಿ. ಮುಂದುವರಿದ ದೇಶಗಳ ಊರುಗಳಿಗಾಗಿ ಕಟ್ಟಿದ ಮಾದರಿಯನ್ನು ನಮ್ಮ ಕಾಲೇಜುಗಳು ಹಾಗೆಯೇ ಪಾಠ ಮಾಡಿದರೆ, ಕಲಿತ ಗಣಿತಕ್ಕೂ ಕಾಲೇಜಿನ ಗೇಟಿನಾಚೆಯ ನಳಕ್ಕೂ ಸಂಬಂಧವೇ ಇರುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗದ ಪ್ರಾಧ್ಯಾಪಕರಾಗಿದ್ದ ಎಂ. ಎಸ್. ಮೋಹನ್ ಕುಮಾರ್ ಅವರ ಕೆಲಸ ಇಲ್ಲಿ ಮುಖ್ಯವಾಗುವುದು ಇದೇ ಕಾರಣಕ್ಕೆ. ಡೈನಾಮಿಕ್ ಇನ್ವರ್ಶನ್ ಎಂಬ ವಿಧಾನವನ್ನು ವಿಮಾನ ನಿಯಂತ್ರಣದಲ್ಲಿ ಬಳಸುತ್ತಾರೆ: ವ್ಯವಸ್ಥೆಯ ವಕ್ರ ನಡೆಯನ್ನು ಸಮೀಕರಣದಿಂದಲೇ ತಿರುವುಮುರುವು ಮಾಡಿ ಬೇಕಾದ ನೇರ ನಡೆಯನ್ನು ಅದರ ಜಾಗದಲ್ಲಿ ಕೂರಿಸುವುದು. ಕೊರತೆಯ ನೀರನ್ನು ಸಮನಾಗಿ ಹಂಚುವ ಪ್ರಶ್ನೆಗೆ ಅವರೂ ಉಷಾ ಮನೋಹರ್ ಅವರೂ ಈ ವಿಧಾನವನ್ನು ಅನ್ವಯಿಸಿ 2014ರಲ್ಲಿ ಪ್ರಕಟಿಸಿದರು. ನಿಯಂತ್ರಕದ ಗುರಿ ಒತ್ತಡವನ್ನು ಹೆಚ್ಚಿಸುವುದಲ್ಲ, ಪಾಲನ್ನು ಸಮ ಮಾಡುವುದು. ನಮ್ಮ ಊರಿನ ಸಮಸ್ಯೆಗೆ ನಮ್ಮದೇ ಗುರಿ.

ಅಳತೆಯ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡ ಜಗತ್ತಿಗೇ ಪಾಠಶಾಲೆಯಾಗಿದೆ. 2004ರಲ್ಲಿ ವಿಶ್ವಬ್ಯಾಂಕ್ ಸಾಲದೊಡನೆ ಶುರುವಾದ ಯೋಜನೆಯಡಿ ಅವಳಿ ನಗರದ ಸುಮಾರು ಹತ್ತನೇ ಒಂದು ಭಾಗಕ್ಕೆ 2007-08ರ ಹೊತ್ತಿಗೆ 24x7 ನೀರು ಬಂತು. ಒಂದೇ ಊರಿನಲ್ಲಿ ಎರಡು ಬಗೆಯ ಪೂರೈಕೆ ಅಕ್ಕಪಕ್ಕ ಸಿಕ್ಕಿದ್ದರಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇಲ್ಲಿ ಹೋಲಿಸಿ ನೋಡಿದರು. ನಿರಂತರ ನೀರಿನ ನಳಗಳಿಂದ ತೆಗೆದ ಸ್ಯಾಂಪಲ್‌ಗಳಲ್ಲಿ 0.7%ರಲ್ಲಿ ಇ-ಕೋಲಿ ಸಿಕ್ಕರೆ, ಬಿಟ್ಟುಬಿಟ್ಟು ಬರುವ ನಳಗಳಲ್ಲಿ 31.7%ರಲ್ಲಿ ಸಿಕ್ಕಿತು. 11 ಜಾಗಗಳಲ್ಲಿ ಒತ್ತಡವನ್ನು ಎಡೆಬಿಡದೆ ಅಳೆದು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇನ್ನೂ ಬೆಲೆಬಾಳುವಂಥದ್ದು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಕೊಳೆ ಹೆಚ್ಚು. ಒತ್ತಡ 10 ಪಿಎಸ್‌ಐಗಿಂತ ಕೆಳಗಿದ್ದಾಗ ಬ್ಯಾಕ್ಟೀರಿಯಾ ಮೇಲಿಂದ ಮೇಲೆ ಕಾಣಿಸಿತು. 17 ಪಿಎಸ್‌ಐ ಮೀರಿದ್ದು ಕ್ಲೋರಿನ್ ಉಳಿದಿದ್ದಾಗ ಇ-ಕೋಲಿ ಕಾಣಲಿಲ್ಲ. 17 ಪಿಎಸ್‌ಐ ಎಂದರೆ ಸುಮಾರು 12 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ. ನಿಯಂತ್ರಣ ಶಾಸ್ತ್ರಕ್ಕೆ ಬೇಕಾದ ಗುರಿಸಂಖ್ಯೆ ಸಿಕ್ಕಿದ್ದು ಸಮೀಕರಣದಿಂದಲ್ಲ, ನಮ್ಮ ಓಣಿಗಳ ಪೈಪಿಗೆ ಮಾಪಕ ಹಚ್ಚಿದ್ದರಿಂದ.

ಇನ್ನು ಚಾವಿ ಹಿಡಿದ ಕೈ. ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿ, ವಾಲ್ವ್‌ಮನ್‌ಗಳಿಂದ ಫೋನಿನಲ್ಲಿ ಮಾಹಿತಿ ಪಡೆದು ನೀರು ಬರುವ ಹೊತ್ತನ್ನು ಮನೆಗಳಿಗೆ ಎಸ್‌ಎಂಎಸ್ ಮಾಡಿತು. ಮುಂದೆ ಬೆಂಗಳೂರಿಗೆ ವಿಸ್ತರಿಸಿದಾಗ ಅಲ್ಲಿ ನಡೆದ ಕ್ಷೇತ್ರ ಅಧ್ಯಯನ 2018ರಲ್ಲಿ ಪ್ರಕಟವಾಯಿತು: ಸಂದೇಶಗಳಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ವಾಲ್ವ್‌ಮನ್‌ಗಳಿಂದ ಮಾಹಿತಿ ಸರಿಯಾಗಿ ಬಾರದ್ದು ಅದಕ್ಕೊಂದು ಕಾರಣ. ಅವರನ್ನು ದೂರುವುದು ಸುಲಭ. ಆದರೆ ಯಾವ ಪೈಪು ಎಲ್ಲಿ ಸೋರುತ್ತದೆ, ಯಾವ ವಾಲ್ವು ಎಷ್ಟು ಸುತ್ತಿಗೆ ಬಿಗಿಯುತ್ತದೆ, ಯಾವ ಮನೆಯಲ್ಲಿ ಮದುವೆ ಇದೆ ಎಂಬುದೆಲ್ಲ ಗೊತ್ತಿರುವುದು ಅವರಿಗೆ ಮಾತ್ರ. ಕಾಲ್ಮನ್‌ರ ಭಾಷೆಯಲ್ಲಿ ಹೇಳುವುದಾದರೆ ಮಾಪಕವಿಲ್ಲದ ಜಾಲದಲ್ಲಿ ವೀಕ್ಷಣ ಸಾಧ್ಯತೆ ಉಳಿದಿರುವುದು ವಾಲ್ವ್‌ಮನ್ ತಲೆಯೊಳಗೆ. ಅವರೇ ಮಾಪಕ, ಅವರೇ ನಿಯಂತ್ರಕ, ಅವರೇ ಗೇಟು ತಿರುವುವ ಮೋಟರು. ಮಾದರಿ ಕಟ್ಟುವವರು ಅವರನ್ನು ಹೊರಗಿಟ್ಟರೆ ವ್ಯವಸ್ಥೆಯ ಬಹುಪಾಲನ್ನೇ ಹೊರಗಿಟ್ಟಂತೆ.

ಎದುರಾಗುವ ಆಕ್ಷೇಪಗಳು

ಇದು ಆಡಳಿತದ ಸಮಸ್ಯೆ, ಗಣಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ತಡವಾಗಿ ಬರುವ ಮಾಹಿತಿ, ಆಜ್ಞೆಗೂ ಕ್ರಿಯೆಗೂ ನಡುವಿನ ಅಂತರ, ಒಬ್ಬರ ಮೋಟರು ಇನ್ನೊಬ್ಬರ ಪಾಲನ್ನು ಕಸಿಯುವುದು ಇವೆಲ್ಲ ಗಣಿತಕ್ಕೆ ಪರಕೀಯವಲ್ಲ. ತಡವಿರುವ ವ್ಯವಸ್ಥೆಗಳ ಸಿದ್ಧಾಂತವಿದೆ, ಹಲವರು ತಂತಮ್ಮ ಲಾಭಕ್ಕೆ ಆಡುವ ಆಟಗಳ ಸಿದ್ಧಾಂತವಿದೆ, ತಾತಾಚಾರ್ ಅವರ ಪರಂಪರೆಯಲ್ಲಿ ಆಟೊಮೇಟಾಗಳ ಆಟಗಳ ಮೇಲೆ ಕೆಲಸವೂ ಆಗಿದೆ. ಸಾಮಗ್ರಿ ಇದೆ, ಓಣಿಗೆ ತಂದು ಹಚ್ಚಿದ್ದು ಕಡಿಮೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಡೀ ಊರಿಗೆ 24x7 ನೀರು ಬಂದಮೇಲೆ ಈ ತೊಡಕೆಲ್ಲ ತಾನಾಗಿಯೇ ಹೋಗುತ್ತದಲ್ಲ, ಅರ್ಧಂಬರ್ಧ ಪೂರೈಕೆಗೆ ಶಾಸ್ತ್ರ ಕಟ್ಟುವುದೇಕೆ? ಗುರಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪ್ರಾಯೋಗಿಕ ವಾರ್ಡುಗಳಿಂದ ಇಡೀ ಊರಿನತ್ತ ಹೋಗುವ ದಾರಿಗೆ ಒಂದೂವರೆ ದಶಕವೂ ಸಾಲದೆ ಹೋಯಿತು. ಆ ದಾರಿಯುದ್ದಕ್ಕೂ ಊರಿನ ಕೆಲವು ವಲಯ ನಿರಂತರ, ಉಳಿದವು ಬಿಟ್ಟುಬಿಟ್ಟು. ಒಂದಕ್ಕೆ ಕೊಟ್ಟ ಒತ್ತಡ ಇನ್ನೊಂದರ ಸರದಿಯನ್ನು ಮುಟ್ಟುತ್ತದೆ. ಈ ಮಿಶ್ರ ಸ್ಥಿತಿಯೇ ಒಂದು ತಲೆಮಾರಿನ ಬದುಕು. ಅದನ್ನು ತಾತ್ಕಾಲಿಕ ಎಂದು ಬದಿಗಿಡುವ ಹಕ್ಕು ಎಂಜಿನಿಯರುಗಳಿಗಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಒತ್ತಡ ಏರಿಸಿದರೆ ನೀರು ಶುದ್ಧ, ಆದರೆ ಹಳೆಯ ಪೈಪಿನ ಸೋರಿಕೆಯೂ ಒತ್ತಡದೊಡನೆ ಏರುತ್ತದೆ. ಬರಗಾಲದ ವರ್ಷ ಜಲಾಶಯದ ಮಟ್ಟ ಇಳಿದಾಗ ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಒಪ್ಪಿತವಾದ ಉತ್ತರವಿಲ್ಲ. ಮಾಪಕಗಳನ್ನು ಎಷ್ಟು, ಎಲ್ಲಿ ಇಡಬೇಕು ಎಂಬುದಕ್ಕೆ ತುಂಬಿದ ಪೈಪಿನ ಜಾಲಕ್ಕೆ ಸೂತ್ರಗಳಿವೆ. ದಿನಗಟ್ಟಲೆ ಖಾಲಿ ಬಿದ್ದು ಮತ್ತೆ ತುಂಬುವ ಜಾಲಕ್ಕೆ ಅಷ್ಟು ಭರವಸೆಯ ಸೂತ್ರಗಳಿಲ್ಲ. ಯಾವ ವಲಯವನ್ನು ಮೊದಲು ನಿರಂತರಕ್ಕೆ ತರಬೇಕು ಎಂಬುದು ಗಣಿತದಷ್ಟೇ ನ್ಯಾಯದ ಪ್ರಶ್ನೆಯೂ ಹೌದು. ವಾಲ್ವ್‌ಮನ್‌ನ ವಿವೇಚನೆಯನ್ನು ತೆಗೆದುಹಾಕಬೇಕಾದ ದೋಷವೆಂದು ಎಣಿಸಬೇಕೋ, ಉಳಿಸಿಕೊಳ್ಳಬೇಕಾದ ತಿಳಿವಳಿಕೆಯೆಂದೋ ಎಂಬುದರಲ್ಲಿ ಪಂಥಗಳು ಒಮ್ಮತಕ್ಕೆ ಬಂದಿಲ್ಲ. ಎರಡೂ ಅದರಲ್ಲಿ ಬೆರೆತಿವೆ ಎಂದು ನನಗನಿಸುತ್ತದೆ, ಬೇರ್ಪಡಿಸುವ ವಿಧಾನ ಮಾತ್ರ ಇನ್ನೂ ಸಿಕ್ಕಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು, ನಿಯಂತ್ರಿಸಬೇಕಾದ ಚರ ಯಾವುದು ಎಂಬ ಪ್ರಶ್ನೆ. ಅವಳಿ ನಗರದ 3,922 ಮನೆಗಳನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ನಿರಂತರ ನೀರಿದ್ದ ಕಡೆ ಟೈಫಾಯಿಡ್ ಕಂಡ ಮನೆಗಳು 42%ರಷ್ಟು ಕಡಿಮೆ, ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ 37%ರಷ್ಟು ಕಡಿಮೆ. ಆದರೆ ಒಟ್ಟಾರೆ ಭೇದಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಳದಲ್ಲಿ ಸದಾ ನೀರಿದ್ದರೂ ಕೊಡದಲ್ಲಿ ಕೂಡಿಡುವುದು ನಿಂತಿರಲಿಲ್ಲ ಎಂದು ಇದೇ ಊರಿನ ಇನ್ನೊಂದು ಅಧ್ಯಯನ ಹೇಳುತ್ತದೆ. ಹಾಗಾದರೆ ಮಾದರಿಯ ಗಡಿ ವಾಲ್ವಿಗೆ ನಿಲ್ಲಬೇಕೋ, ನಳಕ್ಕೆ ನಿಲ್ಲಬೇಕೋ, ಅಡುಗೆಮನೆಯ ಕೊಡದವರೆಗೆ ಹೋಗಬೇಕೋ? ಹೋದರೆ, ಅಲ್ಲಿ ಅಳೆಯುವವರು ಯಾರು, ಯಾರ ಒಪ್ಪಿಗೆಯಿಂದ?